ಮಸಿ ಬಳಿದ ಪಾಠ

ನಿನ್ನೆ ತಾನೇ ಹೇಳಿಕೊಟ್ಟ ಪಾಠವನ್ನು ಇಂದು ಅಳಿಸಿಹಾಕಬೇಕಾಗಿ ಬಂದರೆ ಉಪಾಧ್ಯಾಯರ ಮನಸ್ಸಿಗೆ ಏನಾದೀತು? ಓದುಗರೇ, ಜಪಾನಿನ ಮಿಯುರಾ ಆಯಾಕೊ ಎಂಬ ಕಾದಂಬರಿಕಾರ್ತಿಯ ಜೀವನಚರಿತ್ರೆಯನ್ನು ನಾವು ಈ ಪ್ರಶ್ನೆಯಿಂದಲೇ ಆರಂಭಿಸಬೇಕು.

ಈಕೆ ಹುಟ್ಟಿದ್ದು 1922ರಲ್ಲಿ, ಉತ್ತರದ ಹೊಕ್ಕೈದೊ ದ್ವೀಪದ ಅಸಾಹಿಕಾವಾ ನಗರದಲ್ಲಿ. 1939ರಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗಿ, ಸರ್ಕಾರವು ವಿಧಿಸಿದ ಪಾಠಗಳನ್ನು ಏಳು ವರ್ಷಕಾಲ ಶ್ರದ್ಧೆಯಿಂದ ಕಲಿಸಿದಳು. 1945ರಲ್ಲಿ ಜಪಾನು ಸೋತಿತು. ಮೇಲಿನ ಆಜ್ಞೆಯಂತೆ ಮಕ್ಕಳಿಂದಲೇ ಅವರ ಪಠ್ಯಪುಸ್ತಕದ ಸಾಲುಗಳಿಗೆ ಮಸಿ ಬಳಿಸಬೇಕಾಯಿತು. ತಾನು ಕಲಿಸಿದ್ದು ತಪ್ಪಾಗಿದ್ದರೆ ಇನ್ನು ಕಲಿಸುವ ಅಧಿಕಾರ ತನಗೆಲ್ಲಿಯದು ಎಂದು 1946ರಲ್ಲಿ ಕೆಲಸವನ್ನು ಬಿಟ್ಟಳು.

ಅದೇ ವರ್ಷ ಕ್ಷಯರೋಗ ಕಾಣಿಸಿತು. ಮುಂದೆ ಬೆನ್ನುಮೂಳೆಗೂ ತಗುಲಿತು. ಪ್ಲಾಸ್ಟರಿನ ಅಚ್ಚಿನೊಳಗೆ ಹೊರಳಲೂ ಆಗದೆ ಮಲಗಿದ ವರ್ಷಗಳೂ ಸೇರಿ, ಒಟ್ಟು ಹದಿಮೂರು ವರ್ಷ ಆಕೆ ರೋಗಿ. ಬದುಕಿನ ಆಸೆಯನ್ನೇ ತೊರೆದಿದ್ದ ಆಕೆಯನ್ನು ಮಾಯೆಕಾವಾ ತಾದಾಶಿ ಎಂಬ ಬಾಲ್ಯದ ಗೆಳೆಯ ಕೈಬಿಡಲಿಲ್ಲ. ವೈದ್ಯವಿದ್ಯಾರ್ಥಿಯಾದ ಅವನೂ ಕ್ಷಯರೋಗಿಯೇ. ಆಕೆಯನ್ನು ಉಳಿಸಲಾರದ ತನ್ನ ಅಶಕ್ತಿಗಾಗಿ ಅವನು ಒಮ್ಮೆ ಕಲ್ಲೆತ್ತಿ ತನ್ನ ಕಾಲಿಗೇ ಹೊಡೆದುಕೊಂಡನಂತೆ. ಆಕೆ 1952ರಲ್ಲಿ ಕ್ರೈಸ್ತಳಾದಳು. ಅವನು 1954ರಲ್ಲಿ ತೀರಿಕೊಂಡ.

ಗುಣವಾದ ಮೇಲೆ, 1959ರಲ್ಲಿ, ಅರಣ್ಯ ಇಲಾಖೆಯ ನೌಕರ ಮಿಯುರಾ ಮಿತ್ಸುಯೊ ಆಕೆಯ ಕೈಹಿಡಿದ. ದಂಪತಿಗಳು ಸಣ್ಣದೊಂದು ಅಂಗಡಿಯಿಟ್ಟರು. ಅಸಾಹಿ ಪತ್ರಿಕೆಯು ಒಂದು ಕೋಟಿ ಯೆನ್ ಬಹುಮಾನದ ಕಾದಂಬರಿ ಸ್ಪರ್ಧೆ ಸಾರಿದಾಗ, ಅಂಗಡಿಯ ಬಾಗಿಲೆಳೆದ ಮೇಲೆ ರಾತ್ರಿಹೊತ್ತು ಕುಳಿತು ಆಕೆ ಬರೆದ ‘ಹ್ಯೋತೆನ್’, ಎಂದರೆ ನೀರು ಹೆಪ್ಪುಗಟ್ಟುವ ಬಿಂದು, 1964ರಲ್ಲಿ 731 ಕೃತಿಗಳ ನಡುವೆ ಗೆದ್ದಿತು. ಕೆಲವು ವರ್ಷಗಳಲ್ಲಿಯೇ ಬರೆಯುವ ಶ್ರಮ ಮೈಗೆ ಭಾರವಾಯಿತು. ಅಂದಿನಿಂದ ಆಕೆ ಹೇಳುವಳು, ಪತಿ ಬರೆಯುವನು.

1982ರಲ್ಲಿ ಅರ್ಬುದರೋಗ, 1992ರಲ್ಲಿ ಪಾರ್ಕಿನ್ಸನ್ ಕಾಯಿಲೆ. ಆ ನಡುಕದ ನಡುವೆಯೇ ಮುಗಿಸಿದ ಕೊನೆಯ ಕಾದಂಬರಿ ‘ಜೂಕೊ’, ‘ಬಂದೂಕಿನ ಬಾಯಿ’, 1994ರಲ್ಲಿ ಪುಸ್ತಕವಾಯಿತು. ಅದರ ವಸ್ತುವೇನೆಂದು ಬಲ್ಲಿರಾ? ಕಂಡದ್ದನ್ನು ಕಂಡಂತೆ ಬರೆಯಿರೆಂದು ಮಕ್ಕಳಿಗೆ ಪ್ರಬಂಧ ಕಲಿಸಿದ ತಪ್ಪಿಗಾಗಿ, ಯುದ್ಧಕಾಲದ ಹೊಕ್ಕೈದೊದಲ್ಲಿ ಸೆರೆಮನೆ ಸೇರಿದ ಉಪಾಧ್ಯಾಯರ ಕಥೆ. ತಾನು ಅರಿಯದೆ ಸರ್ಕಾರದ ಪಾಠವನ್ನು ಒಪ್ಪಿಸುತ್ತಿದ್ದ ಆ ದಿನಗಳಲ್ಲಿಯೇ ಹಾಗೆ ನಡೆದವರ ಕಥೆಯದು.

1999ರಲ್ಲಿ ಆಕೆ ಕಾಲವಾದಳು. ರೋಗವನ್ನು ಗೆದ್ದವಳೆಂದು ಹೊಗಳುವುದು ಸುಲಭ. ರೋಗವು ಕೊನೆಯವರೆಗೂ ಬಿಡಲಿಲ್ಲ. ತಾನು ಮಸಿ ಬಳಿಸಿದ ಪುಟವನ್ನು ಆಕೆಯೂ ಮರೆಯಲಿಲ್ಲ. ಮೇಷ್ಟರ ಕೆಲಸದಲ್ಲಿ ತಲೆ ನರೆತ ನನ್ನಂಥವನಿಗೆ ಆಕೆಯಲ್ಲಿ ಹಿರಿದಾಗಿ ಕಾಣುವುದು ಇದೇ.