ಗಾಂಜಾ ಗಿಡ ಮರವಾದ ಕಥೆ

ಗಾಂಜಾ ಗಿಡ ಎಷ್ಟು ಎತ್ತರ ಬೆಳೆಯುತ್ತೆ? "ತೊಗರಿ ಹೊಲದ ನಡುವೆ ಗಾಂಜಾ, ಆರೋಪಿ ಬಂಧನ" ಅನ್ನೋ ಸುದ್ದಿಯ ಪಕ್ಕದ ಫೋಟೋ ನೋಡಿದವರು ಆಳೆತ್ತರ ಅನ್ನಬಹುದು. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದವರನ್ನು ಕೇಳಿದರೆ ಬೇರೆ ಉತ್ತರ ಬರುತ್ತೆ. ಅಲ್ಲಿ ಹತ್ತು ಹನ್ನೆರಡು ಅಡಿಯ ಗಿಡಗಳಿವೆ, ಏಣಿ ಹಾಕಿಕೊಂಡು ಕೊಯ್ಯಬೇಕು. ಮಜಾ ಅಂದ್ರೆ ಇವು ಬೆಳೆಯೋದು ನೆಲದಲ್ಲೂ ಅಲ್ಲ, ಬಟ್ಟೆಯ ಚೀಲದಂಥ ಕುಂಡಗಳಲ್ಲಿ. ಒಂದೊಂದು ಕುಂಡಕ್ಕೆ ನೂರರಿಂದ ಇನ್ನೂರು ಗ್ಯಾಲನ್ ಮಣ್ಣು. ಇನ್ನೂರು ಗ್ಯಾಲನ್ ಅಂದ್ರೆ ಸುಮಾರು 757 ಲೀಟರ್, ನಮ್ಮ ತಾರಸಿ ಮೇಲಿನ 500 ಲೀಟರ್ ಟ್ಯಾಂಕಿನ ಒಂದೂವರೆ ಪಟ್ಟು.

ಒಂದೇ ವರ್ಷ ಬದುಕೋ ಗಿಡಕ್ಕೆ ಇಷ್ಟು ಉಪಚಾರ ಯಾಕೆ? ತಳಿ, ಹವೆ, ಗೊಬ್ಬರ ಅಂತೆಲ್ಲ ಕಾರಣ ಹೇಳ್ತಾರೆ. ಅವೆಲ್ಲ ನಿಜವೇ. ಆದರೆ ದೊಡ್ಡ ಕಾರಣ ಕಾನೂನಿನ ಪುಸ್ತಕದಲ್ಲಿದೆ ಅಂತ ನನ್ನ ವಾದ. (ಇದು ಗಿಡ ಬೆಳೆಸೋದು ಹೇಗೆ ಅನ್ನೋ ಪಾಠ ಅಲ್ಲ ಸ್ವಾಮಿ. ಅದಕ್ಕೆ ಬಂದಿದ್ದರೆ ದಯವಿಟ್ಟು ವಾಪಸ್ ಹೋಗಿ :-))

ಶುರುವಿಗೆ ಆ ಜಾಗದ ಬಗ್ಗೆ ಒಂದೆರಡು ಮಾತು. ಹಂಬೋಲ್ಟ್, ಮೆಂಡೊಸಿನೊ, ಟ್ರಿನಿಟಿ ಅನ್ನೋ ಮೂರು ಕೌಂಟಿಗಳನ್ನು ಸೇರಿಸಿ 'ಎಮರಾಲ್ಡ್ ಟ್ರಯಾಂಗಲ್', ಅಂದ್ರೆ ಪಚ್ಚೆ ತ್ರಿಕೋನ, ಅಂತ ಕರೀತಾರೆ. ಒಂದು ಕಾಲಕ್ಕೆ ರೆಡ್‌ವುಡ್ ಮರಗಳ ನಾಡು. ಮರ ಕಡಿದು ಮುಗಿದ ಮೇಲೆ ಬೋಳಾದ ಗುಡ್ಡಗಳು ಅಗ್ಗಕ್ಕೆ ಸಿಕ್ಕವು. 1960ರ ದಶಕದ ಕೊನೆ, 70ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಡೆಯಿಂದ ಬೇಸತ್ತ ಹಿಪ್ಪಿಗಳು ಬಂದು ಅಲ್ಲಿ ನೆಲೆ ನಿಂತರು. ತಮ್ಮ ತರಕಾರಿ ತಾವೇ ಬೆಳೆದುಕೊಂಡು ಬದುಕೋಣ ಅನ್ನೋ ಆಸೆ. ತರಕಾರಿ ಜೊತೆಗೆ ಇದನ್ನೂ ಹಾಕಿದರು. ರಾಸಾಯನಿಕ ಗೊಬ್ಬರ ಬೇಡ ಅನ್ನೋ ಹಟ ಆಗಲೇ ಇತ್ತು, ಹಾಗಾಗಿ ಸಾವಯವ ಮಣ್ಣಿನ ಕಥೆ ಶುರುವಾಗೋದೂ ಅಲ್ಲಿಂದಲೇ. ಅದೇ ಹೊತ್ತಿಗೆ ಮೆಕ್ಸಿಕೋದಲ್ಲಿ ಗಾಂಜಾ ಹೊಲಗಳ ಮೇಲೆ ಪ್ಯಾರಾಕ್ವಾಟ್ ಅನ್ನೋ ಕಳೆನಾಶಕ ಸುರಿದರು. 1978ರ ಹೊತ್ತಿಗೆ ಆ ಭಯ ಅಮೆರಿಕದ ತುಂಬ ಹಬ್ಬಿ, ಊರಲ್ಲೇ ಬೆಳೆದ ಮಾಲಿಗೆ ಬೆಲೆ ಏರಿತು.

ಇವರು ಇನ್ನೊಂದು ಕೆಲಸವನ್ನೂ ರೂಢಿ ಮಾಡಿಕೊಂಡರು: ಗಂಡು ಗಿಡಗಳನ್ನು ಹೂ ಬಿರಿಯೋ ಮೊದಲೇ ಕಿತ್ತು ಹಾಕೋದು. ಆಗ ಹೆಣ್ಣು ಗಿಡ ಬೀಜ ಕಟ್ಟದೆ ಹೂವನ್ನೇ ದಟ್ಟವಾಗಿ ಬಿಡುತ್ತೆ. ಇದಕ್ಕೆ ಸ್ಪ್ಯಾನಿಷ್‌ನಲ್ಲಿ 'ಸಿನ್‌ಸೆಮಿಯಾ' (ಬೀಜವಿಲ್ಲದ್ದು) ಅಂತ ಹೆಸರು. ಹೊಸದೇನಲ್ಲ. ಬಂಗಾಳದ ನಾವಗಾಂವ್‌ನಲ್ಲಿ (ಈಗ ಬಾಂಗ್ಲಾದೇಶ) ಹತ್ತೊಂಬತ್ತನೇ ಶತಮಾನದಲ್ಲೇ ಗಂಡು ಗಿಡ ಗುರುತಿಸಿ ಕೀಳೋದಕ್ಕೆ 'ಪೊದ್ದಾರ್' ಅನ್ನೋ ಕಸುಬಿನವನಿದ್ದ. ಸರ್ಕಾರದ ಲೈಸೆನ್ಸ್ ಪಡೆದ ರೈತರು ಅಲ್ಲಿ ಹೊಲಕ್ಕೆ ಸಗಣಿ ಗೊಬ್ಬರ, ಹಿಂಡಿ ಹಾಕಿ ಬೆಳೀತಿದ್ದರು. ಬ್ರಿಟಿಷರು 1893-94ರಲ್ಲಿ ಒಂದು ಆಯೋಗ ಮಾಡಿ ಈ ಇಡೀ ವ್ಯವಹಾರವನ್ನು ತನಿಖೆ ಮಾಡಿಸಿದರು. ನಿಷೇಧ ಬೇಡ, ಲೈಸೆನ್ಸು ಮತ್ತು ತೆರಿಗೆ ಸಾಕು ಅಂತ ಆಯೋಗ ಹೇಳಿತು. ಇಲ್ಲಿ ಒಂದು ಅಂಶ ನೆನಪಿಟ್ಟುಕೊಳ್ಳಿ: ಬಂಗಾಳದಲ್ಲಿ ಸುಂಕ ತೂಕದ ಮೇಲೆ. ಗಿಡ ಎಷ್ಟಿದೆ ಅನ್ನೋದು ಯಾರ ತಲೆನೋವೂ ಆಗಿರಲಿಲ್ಲ.

ಅಮೆರಿಕದಲ್ಲಿ ಅದೇ ದೊಡ್ಡ ತಲೆನೋವಾಯ್ತು. 1983ರಲ್ಲಿ ಕ್ಯಾಲಿಫೋರ್ನಿಯಾ 'ಕ್ಯಾಂಪ್' ಅನ್ನೋ ದೊಡ್ಡ ಕಾರ್ಯಾಚರಣೆ ಶುರು ಮಾಡಿತು. ಸುಗ್ಗಿ ಹೊತ್ತಿಗೆ ಹೆಲಿಕಾಪ್ಟರ್ ಬರೋದು, ಗುಡ್ಡದಲ್ಲಿ ಗಿಡ ಹುಡುಕಿ ಕಡಿದು ಹಾಕೋದು. ಬೆಳೆಗಾರರು ಮರದ ನೆರಳಿಗೆ ಸರಿದರು. ಬಿಸಿಲು ಕಡಿಮೆಯಾಗಿ ಗಿಡ ಸಣಕಲಾಯ್ತು. ಹಲವರು ಮನೆಯೊಳಗೇ ದೀಪ ಹಾಕಿ ಬೆಳೆಯೋಕೆ ಹೋದರು. 1990ರಲ್ಲಿ ಹಂಬೋಲ್ಟ್‌ನ ಕಿಂಗ್ ರೇಂಜ್ ಕಾಡಿಗೆ ಸೈನಿಕರನ್ನೇ ಇಳಿಸಿದರು.

ಹೆಲಿಕಾಪ್ಟರ್‌ಗಿಂತ ಹೆಚ್ಚು ಪರಿಣಾಮ ಮಾಡಿದ್ದು 1986 ಮತ್ತು 1988ರ ಫೆಡರಲ್ ಕಾನೂನುಗಳು. ಅವುಗಳ ಪ್ರಕಾರ ನೂರು ಗಿಡ ಸಿಕ್ಕರೆ ಕನಿಷ್ಠ ಐದು ವರ್ಷ ಜೈಲು, ಸಾವಿರ ಸಿಕ್ಕರೆ ಕನಿಷ್ಠ ಹತ್ತು ವರ್ಷ. ತೂಕ ಎಷ್ಟೇ ಇರಲಿ, ಗೇಣುದ್ದದ ಸಸಿಯೂ ಒಂದು, ಹತ್ತಡಿಯದೂ ಒಂದು. ಇನ್ನೂ ವಿಚಿತ್ರ ಶಿಕ್ಷೆಯ ಲೆಕ್ಕಾಚಾರದ ಮಾರ್ಗಸೂಚಿಯಲ್ಲಿತ್ತು. ಐವತ್ತಕ್ಕಿಂತ ಕಡಿಮೆ ಇದ್ದರೆ ಗಿಡಕ್ಕೆ ನೂರು ಗ್ರಾಂ ಲೆಕ್ಕ, ಐವತ್ತು ಮುಟ್ಟಿದರೆ ಗಿಡಕ್ಕೆ ಒಂದು ಕಿಲೋ. ಅಂದ್ರೆ 49 ಗಿಡ = 4.9 ಕಿಲೋ, 50 ಗಿಡ = 50 ಕಿಲೋ! ಕೋಡ್ ರಿವ್ಯೂಗೆ ಬಂದಿದ್ದರೆ ನಮ್ಮಲ್ಲಿ ಯಾರಾದರೂ ಹಿಡೀತಿದ್ದರು ಅನ್ನಿಸುತ್ತೆ. 1995ರ ನವೆಂಬರ್‌ನಲ್ಲಿ ಅದನ್ನು ತಿದ್ದಿ ಎಲ್ಲಕ್ಕೂ ನೂರು ಗ್ರಾಂ ಅಂತ ಮಾಡಿದರು. ಅಷ್ಟರೊಳಗೆ ಒಂದು ಸಸಿ ಹೆಚ್ಚಾದ ಕಾರಣಕ್ಕೆ ವರ್ಷಗಟ್ಟಲೆ ಹೆಚ್ಚು ಶಿಕ್ಷೆ ಅನುಭವಿಸೋ ಸ್ಥಿತಿ ಇತ್ತು. ಗಿಡ ಅಂದ್ರೆ ಏನು ಅನ್ನೋದೇ ಕೋರ್ಟಿನ ವಿಷಯವಾಯ್ತು. ಕತ್ತರಿಸಿ ನೆಟ್ಟ ಕಡ್ಡಿ ಗಿಡವೋ ಅಲ್ಲವೋ? ಸ್ವಂತ ಬೇರು ಬಿಟ್ಟ ಮೇಲೆ ಮಾತ್ರ ಗಿಡ ಅಂತ 1994ರಲ್ಲಿ ಒಂಬತ್ತನೇ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಬೇರಿನ ಎಳೆ ಎಣಿಸಿ ಮನುಷ್ಯನ ಆಯುಷ್ಯ ಲೆಕ್ಕ ಹಾಕಿದ ಹಾಗೆ.

ನೀನು ಚಾಪೆ ಕೆಳಗೆ ನುಸುಳಿದರೆ ನಾನು ರಂಗೋಲಿ ಕೆಳಗೆ ನುಸುಳ್ತೀನಿ ಅನ್ನೋ ಗಾದೆ ಇದೆಯಲ್ಲ. ಗಿಡ ಎಣಿಸ್ತೀರಾ? ಸರಿ, ಗಿಡ ಕಡಿಮೆ ಮಾಡ್ತೀವಿ, ಒಂದೊಂದನ್ನೂ ಮರ ಮಾಡ್ತೀವಿ. ಇದು ಗಾಂಜಾಕ್ಕೆ ಮಾತ್ರ ಸೀಮಿತ ಅಲ್ಲ. 1784ರಲ್ಲಿ ಬ್ರಿಟನ್ ಸಾವಿರ ಇಟ್ಟಿಗೆಗೆ ಇಷ್ಟು ಅಂತ ತೆರಿಗೆ ಹಾಕಿತು, ಇಟ್ಟಿಗೆಗಳು ದಪ್ಪವಾದವು. ಆಮೇಲೆ ದಪ್ಪ ಇಟ್ಟಿಗೆಗೆ ಹೆಚ್ಚು ತೆರಿಗೆ ಹಾಕಬೇಕಾಯ್ತು. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಎಷ್ಟು ಬಗ್ ಮುಚ್ಚಿದ್ದೀರಿ ಅಂತ ಎಣಿಸಿ ಅಪ್ರೈಸಲ್ ಮಾಡ್ತಿದ್ದರು. ಅಲ್ಲಿ ಉಲ್ಟಾ: ಒಂದು ಬಗ್ ಐದು ಬಗ್ ಆಗ್ತಿತ್ತು!

ಆದರೂ ಗಿಡ ಮರವಾಗೋಕೆ ಪೂರ್ತಿ ಬಿಸಿಲು ಬೇಕು, ಅಂದ್ರೆ ಮುಚ್ಚುಮರೆ ಬಿಟ್ಟು ಬಯಲಿಗೆ ಬರಬೇಕು. ಅದಕ್ಕೆ ದಾರಿ ಮಾಡಿದ್ದು 1996ರ ನವೆಂಬರ್‌ನಲ್ಲಿ ಜನಮತದಿಂದ ಗೆದ್ದ ಪ್ರಪೋಸಿಷನ್ 215. ವೈದ್ಯರ ಶಿಫಾರಸು ಇದ್ದವರು ರಾಜ್ಯದ ಕಾನೂನಿನಡಿ ಬೆಳೆದುಕೊಳ್ಳಬಹುದು ಅಂತಾಯ್ತು. ಎಷ್ಟು ಅಂತ ಅದು ಹೇಳಲಿಲ್ಲ. 2004ರಲ್ಲಿ ಜಾರಿಗೆ ಬಂದ ಇನ್ನೊಂದು ಕಾನೂನು ಒಬ್ಬ ರೋಗಿಗೆ ಬಲಿತ ಗಿಡ ಆರು ಅಂತ ಗೆರೆ ಎಳೆಯಿತು, ಕೌಂಟಿಗಳು ಬೇಕಾದರೆ ಹೆಚ್ಚಿಸಬಹುದು. ಮತ್ತೆ ಎಣಿಕೆ! ತಲೆಯ ಮೇಲೆ ಫೆಡರಲ್ ಕಾನೂನಿನ ನೂರರ ಗೆರೆ ಹಾಗೇ ಇತ್ತು.

ಕುಂಡದ ಕಥೆ ಇಲ್ಲಿ ಬರುತ್ತೆ. ಮರ ಕಡಿದ ಗುಡ್ಡದಲ್ಲಿ ಮೇಲ್ಮಣ್ಣು ಕೊಚ್ಚಿ ಹೋಗಿ ಜೇಡಿ, ಕಲ್ಲು ಉಳಿದಿದ್ದವು. ಸಾಲದ್ದಕ್ಕೆ ನೆಲದಡಿಯಿಂದ ಬೇರು ತಿನ್ನೋ ಗೋಫರ್ ಅನ್ನೋ ಇಲಿಜಾತಿ. ಇರೋ ಗಿಡವೇ ಆರು ಅಂದ ಮೇಲೆ ಒಂದನ್ನು ಕಳೆದುಕೊಂಡರೂ ನಷ್ಟ. ಅದಕ್ಕೆ ಮಣ್ಣನ್ನೇ ಹೊರಗಿಂದ ತಂದು ಕುಂಡಕ್ಕೆ ತುಂಬಿದರು. ಪ್ಲಾಸ್ಟಿಕ್ ಕುಂಡದ ತೊಂದರೆ ನಿಮಗೆ ಗೊತ್ತಿರಬಹುದು: ಬೇರು ಗೋಡೆ ಮುಟ್ಟಿ ಸುತ್ತ ಸುತ್ತಿಕೊಂಡು ಸಿಂಬಿಯಾಗುತ್ತೆ. ಬಟ್ಟೆಯ ಕುಂಡದಲ್ಲಿ ಅಂಚಿಗೆ ಬಂದ ಬೇರಿನ ತುದಿ ಗಾಳಿ ತಾಗಿ ಒಣಗುತ್ತೆ, ಹಿಂದಿನಿಂದ ಹೊಸ ಕವಲು ಒಡೆಯುತ್ತೆ. ಇದನ್ನು ಅಭ್ಯಾಸ ಮಾಡಿದವರು ಗಾಂಜಾದವರಲ್ಲ, ಮರದ ನರ್ಸರಿಯವರು. ಒಕ್ಲಹೋಮಾ ಸ್ಟೇಟ್ ವಿಶ್ವವಿದ್ಯಾಲಯದ ಕಾರ್ಲ್ ವಿಟ್‌ಕಂಬ್ ಹೀಗೆ ಗಾಳಿಯಿಂದ ಬೇರು ಸವರೋದರ ಬಗ್ಗೆ ಬಹಳ ಕೆಲಸ ಮಾಡಿದವರು. ಮರದ ಸಸಿಗೆ ಮಾಡಿದ ಚೀಲದಲ್ಲಿ ಗಾಂಜಾ ಮರವಾಯ್ತು. ಬೆಂಗಳೂರಿನ ತಾರಸಿಗಳಲ್ಲಿ ಟೊಮೇಟೊ ಬೆಳೆಯೋ ಬಟ್ಟೆಯ ಗ್ರೋ ಬ್ಯಾಗ್ ಇದೇ ಕುಲದ್ದು.

ಚೀಲದೊಳಗಿನ ಮಣ್ಣಿಗೆ ಕಾಂಪೋಸ್ಟ್, ಎರೆಗೊಬ್ಬರ, ಮೀನಿನ ಪುಡಿ, ಬಾವಲಿ ಹಿಕ್ಕೆ, ಸಿಂಪಿ ಚಿಪ್ಪಿನ ಪುಡಿ. ಇಷ್ಟೇ ಅಲ್ಲ, ಬೇವಿನ ಹಿಂಡಿ ಮತ್ತು ಹೊಂಗೆ ಹಿಂಡಿ ಕೂಡ! ನಮ್ಮಲ್ಲಿ ಅಡಿಕೆ, ತೆಂಗಿನ ಬುಡಕ್ಕೆ ಹಾಕೋದು ಅಲ್ಲಿನ ಮಿಶ್ರಣಕ್ಕೆ ಮರ್ಯಾದೆಯಿಂದ ಬೀಳುತ್ತೆ. ತೆಂಗಿನ ನಾರಿನ ಪುಡಿಯೂ ಅಷ್ಟೇ. ಇಷ್ಟೆಲ್ಲ ಮಾಡಿದರೂ 'ಆರ್ಗ್ಯಾನಿಕ್' ಅಂತ ಬರೆಯೋ ಹಾಗಿಲ್ಲ. ಆ ಮುದ್ರೆ ಫೆಡರಲ್ ಸರ್ಕಾರದ್ದು, ಫೆಡರಲ್ ಕಾನೂನಿಗೆ ಇದು ನಿಷಿದ್ಧ ಬೆಳೆ. ಕ್ಯಾಲಿಫೋರ್ನಿಯಾ 2021ರಲ್ಲಿ 'ಓಕ್ಯಾಲ್' ಅಂತ ತನ್ನದೇ ಮುದ್ರೆ ಮಾಡಿಕೊಂಡಿತು.

2016ರಲ್ಲಿ ಪ್ರಪೋಸಿಷನ್ 64 ಗೆದ್ದು ದೊಡ್ಡವರೆಲ್ಲ ಬಳಸಬಹುದು ಅಂತಾಯ್ತು, ಮನೆಗೆ ಆರು ಗಿಡ. ಮನೆಯಂಗಳದ ದೈತ್ಯ ಗಿಡಗಳು ಉಳಿದವು. ಆದರೆ ವ್ಯಾಪಾರದ ಲೈಸೆನ್ಸ್ ಕೊಡುವಾಗ ಹೆಚ್ಚಾಗಿ ನೋಡಿದ್ದು ಗಿಡ ಆಕ್ರಮಿಸಿದ ಚದರಡಿಯನ್ನು. ಚದರಡಿ ಎಣಿಸಿದರೆ ಮರದಂಥ ಗಿಡಕ್ಕೆ ಅಂಥ ಲಾಭವಿಲ್ಲ; ಸಣ್ಣ ಗಿಡಗಳನ್ನು ಒತ್ತೊತ್ತಾಗಿ ಇಟ್ಟು ವರ್ಷಕ್ಕೆ ಎರಡು ಮೂರು ಬೆಳೆ ತೆಗೆಯೋದೇ ಲೆಕ್ಕಕ್ಕೆ ಬರೋದು.

ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಎಣಿಕೆಯ ಗೋಜಿಗೇ ಹೋಗಿಲ್ಲ. ಒಂದು ಗಿಡ ಬೆಳೆದರೂ ಅಪರಾಧ, ಹತ್ತು ವರ್ಷದವರೆಗೆ ಶಿಕ್ಷೆ. ಗಾಂಜಾ ಇಟ್ಟುಕೊಂಡವನಿಗೆ ತೂಕ: ಒಂದು ಕಿಲೋ ತನಕ ಸಣ್ಣ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ, ಜಾಮೀನು ಸಿಗೋದೇ ಕಷ್ಟ. ಕಾಯ್ದೆಯಲ್ಲಿ ಗಾಂಜಾ ಅಂದ್ರೆ ಹೂವಿನ ತುದಿ ಮಾತ್ರ. ಬೇರು, ಕಾಂಡ ಸಮೇತ ಹಸಿ ಗಿಡ ತೂಗಿದಾಗ ಜಗಳ ಶುರುವಾಗುತ್ತೆ.

ಕೆನಡಾ ಕ್ಯಾಲಿಫೋರ್ನಿಯಾದಿಂದ ಪಾಠ ಕಲಿತಂತೆ ಮನೆಗೆ ನಾಲ್ಕು ಗಿಡದ ಜೊತೆ 'ನೂರು ಸೆಂಟಿಮೀಟರ್ ಮೀರಬಾರದು' ಅಂತ ಮಸೂದೆಯಲ್ಲಿ ಬರೆದಿತ್ತು. ಗಿಡ ಅಳೆಯೋಕೆ ಪೊಲೀಸರು ಟೇಪ್ ಹಿಡಿದು ಹೋಗಬೇಕಾ? 2017ರಲ್ಲಿ ಸಂಸತ್ತಿನ ಸಮಿತಿಯೇ ಅದನ್ನು ಕೈಬಿಟ್ಟಿತು. ಜರ್ಮನಿ 2024ರ ಏಪ್ರಿಲ್ 1ರಿಂದ ಎರಡೂ ಗೆರೆ ಎಳೆದಿದೆ. ಒಬ್ಬರಿಗೆ ಮೂರು ಗಿಡ, ಮನೆಯಲ್ಲಿ ಒಣಗಿದ್ದು 50 ಗ್ರಾಂ ಮಾತ್ರ, ಮಿಕ್ಕಿದ್ದನ್ನು ನಾಶ ಮಾಡಬೇಕು. ಹಂಬೋಲ್ಟ್‌ನ ಒಂದೇ ಒಂದು ಗಿಡ ಬರ್ಲಿನ್ನಿನಲ್ಲಿ ಬೆಳೆದು ಒಂದೂವರೆ ಕಿಲೋ ಕೊಟ್ಟರೆ, ಅದು ಮೂವತ್ತು ಜನರ ಪಾಲು.