ಫ್ರೀ ಇದ್ದೀರಾ?

ಇಂಗ್ಲಿಷಿನ ‘ಫ್ರೀ’ ನಮ್ಮ ಮಾತಿನೊಳಗೆ ಯಾವಾಗ ಸೇರಿಕೊಂಡಿತೋ, ಈಗ ಅದಿಲ್ಲದೆ ದಿನ ಕಳೆಯುವುದೇ ಕಷ್ಟ. ‘ಸಂಜೆ ಫ್ರೀ ಇದ್ದೀರಾ?’ ಎಂದರೆ ಬಿಡುವು. ‘ಆ ಸೀಟು ಫ್ರೀ ಇದೆಯಾ?’ ಎಂದರೆ ಖಾಲಿ. ಟೇಲರ್ ಮುಂದೆ ಕೈ ಚಾಚಿ ನಿಂತು ‘ತೋಳು ಸ್ವಲ್ಪ ಫ್ರೀ ಇರಲಿ’ ಎಂದರೆ ಸಡಿಲ. ‘ಅವರ ಹತ್ತಿರ ಫ್ರೀಯಾಗಿ ಮಾತಾಡಬಹುದು’ ಎಂದರೆ ಸಂಕೋಚ ಬೇಡ. ಡಾಕ್ಟರು ‘ಮೋಷನ್ ಫ್ರೀ ಆಗ್ತಿದೆಯಾ?’ ಎಂದಾಗಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಪೇಸ್ಟಿನ ಜೊತೆ ಬ್ರಷ್ ಫ್ರೀ ಎಂದರೆ ಬ್ರಷ್ ಸಿಗುತ್ತದೆ. ಬಿಸ್ಕತ್ತು ಶುಗರ್ ಫ್ರೀ ಎಂದರೆ ಶುಗರ್ ಸಿಗುವುದಿಲ್ಲ, ಬೆಲೆ ಮಾತ್ರ ಜಾಸ್ತಿ.

ಇಷ್ಟೊಂದು ಅರ್ಥ ಹೊತ್ತ ಪದ ಇಂಗ್ಲಿಷ್ ಮಾತಾಡುವವರನ್ನೂ ಕಾಡಿದೆ. 1983ರಲ್ಲಿ ಗ್ನೂ ಎಂಬ ಸಾಫ್ಟ್‌ವೇರ್ ಯೋಜನೆ ಘೋಷಿಸಿದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ‘ಫ್ರೀ ಸಾಫ್ಟ್‌ವೇರ್’ ಎಂದಾಗ ಜನ ಕಾಸಿಲ್ಲದ್ದು ಎಂದುಕೊಂಡರು. ಬಳಸಲು, ಬಿಚ್ಚಿ ನೋಡಲು, ತಿದ್ದಲು, ಹಂಚಲು ಇರುವ ಸ್ವಾತಂತ್ರ್ಯ ಅದು. ಪುಕ್ಕಟೆ ಬಿಯರ್ ಅಲ್ಲ, ವಾಕ್ ಸ್ವಾತಂತ್ರ್ಯದ ಹಾಗೆ ಎಂದು ಅವರು ವಿವರಿಸುತ್ತಲೇ ಬರಬೇಕಾಯಿತು. ಈ ಗೊಂದಲವೂ ಸೇರಿ, 1998ರಲ್ಲಿ ಕೆಲವರು ‘ಓಪನ್ ಸೋರ್ಸ್’ ಎಂಬ ಬೇರೆ ಹೆಸರನ್ನೇ ಹಿಡಿದರು. ಕನ್ನಡದಲ್ಲಿ ಈ ತೊಡಕಿಲ್ಲ. ಮುಕ್ತ ಬೇರೆ, ಉಚಿತ ಬೇರೆ.

ಪದದ ಬೇರು ಹಿಡಿದು ಹೋದರೆ ದುಡ್ಡಿನ ಮಾತೇ ಇಲ್ಲ. ‘ಫ್ರೀ’ ಮತ್ತು ‘ಫ್ರೆಂಡ್’ ಒಂದೇ ಮನೆಯವು. ಸಂಸ್ಕೃತದ ‘ಪ್ರಿಯ’ ದಾಯಾದಿ. ಮೂಲದಲ್ಲಿ ಪ್ರೀತಿಯೇ ಅರ್ಥ. ಮನೆಯಲ್ಲಿ ಆಳುಗಳೂ ಇರುತ್ತಿದ್ದ ಕಾಲದಲ್ಲಿ ಪ್ರಿಯರಾದವರು ಸ್ವಂತದವರು, ಸ್ವಂತದವರು ಗುಲಾಮರಲ್ಲದವರು, ಹೀಗೆ ಅರ್ಥ ಜಾರಿರಬೇಕು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಲ್ಯಾಟಿನ್ನಿನಲ್ಲೂ ‘ಲೀಬೆರ್’ ಎಂದರೆ ಸ್ವತಂತ್ರ, ‘ಲೀಬೆರಿ’ ಎಂದರೆ ಮಕ್ಕಳು. ಬೆಲೆಯಿಲ್ಲದ್ದು ಎಂಬ ಅರ್ಥ ಎಷ್ಟೋ ಕಾಲದ ಮೇಲೆ ಬಂದದ್ದು.

ನಮ್ಮ ‘ಬಿಟ್ಟಿ’ ಇದೇ ಜಾಗಕ್ಕೆ ತದ್ವಿರುದ್ಧ ದಿಕ್ಕಿನಿಂದ ಬಂತು. ಸಂಸ್ಕೃತದ ‘ವಿಷ್ಟಿ’ಯ ತದ್ಭವ ಅದು: ಕೂಲಿಯಿಲ್ಲದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆ. ಹಳೆಯ ಶಾಸನಗಳಲ್ಲಿ ಬಿಟ್ಟಿ ಎಂದರೆ ಇದೇ. ಬಿಟ್ಟಿ ಚಾಕರಿ ಎನ್ನುವಾಗ ಆ ಕಹಿ ಇನ್ನೂ ನಾಲಗೆಗೆ ತಗಲುತ್ತದೆ. ಒಂದು ಗುಲಾಮನಲ್ಲದವನ ಪದ, ಇನ್ನೊಂದು ಹೆಚ್ಚುಕಡಿಮೆ ಗುಲಾಮನದ್ದೇ ಪದ. ಅಂಗಡಿ ಬೋರ್ಡಿನ ಹೊತ್ತಿಗೆ ಎರಡಕ್ಕೂ ಅರ್ಥ ಒಂದೇ: ಕಾಸು ಕೊಡಬೇಕಾಗಿಲ್ಲ.

ಆದರೆ ಕಾಸು ಯಾರೂ ಕೊಡುವುದಿಲ್ಲವೆಂದಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಕರ್ನಾಟಕದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರು ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾನೆ. ಆ ಟಿಕೆಟ್ಟಿನ ದುಡ್ಡನ್ನು ಸಾರಿಗೆ ನಿಗಮಗಳಿಗೆ ಸರ್ಕಾರ ತುಂಬಿಕೊಡಬೇಕು. ಹತ್ತಿದವರು ‘ಫ್ರೀ ಬಸ್’ ಎನ್ನುತ್ತಾರೆ, ಮೂದಲಿಸುವವರು ‘ಬಿಟ್ಟಿ ಭಾಗ್ಯ’ ಎನ್ನುತ್ತಾರೆ. ಟಿಕೆಟ್ ಒಂದೇ. ಸಂತೆಗೋ ಕೂಲಿಗೋ ತವರಿಗೋ ಯಾರನ್ನೂ ಕಾಸು ಕೇಳದೆ ಹೊರಟ ಹೆಂಗಸಿನ ಪಾಲಿಗೆ ಅದು ಫ್ರೀಯ ಹಳೆಯ ಅರ್ಥಕ್ಕೇ ಹತ್ತಿರ.

ಸರ್ಕಾರಿ ಕಡತದಲ್ಲಿ ಮಾತ್ರ ಅದು ‘ಉಚಿತ ಪ್ರಯಾಣ’. ಉಚಿತ ಎಂದರೆ ಮೂಲದಲ್ಲಿ ತಕ್ಕದ್ದು, ಯೋಗ್ಯವಾದದ್ದು. ಯಥೋಚಿತ, ಸಮಯೋಚಿತಗಳಲ್ಲಿ ಆ ಅರ್ಥ ಇನ್ನೂ ಜೀವ ಹಿಡಿದಿದೆ. ಹಾಗಾಗಿ ಯಾರಾದರೂ ಉಚಿತ ಸಲಹೆ ಕೊಡುತ್ತೇನೆಂದರೆ ಯಾವ ಅರ್ಥದಲ್ಲಿ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಎರಡೂ ಒಟ್ಟಿಗೆ ಸಿಗುವುದು ಅಪರೂಪ.