ಮೇಲಿಂದ ಬಂದ ಪಾಠ, ಮೇಷ್ಟ್ರೇ ಬರೆದ ಪಾಠ

ಶಾಲೆಗೆ ಟಿವಿಯೋ ಕಂಪ್ಯೂಟರೋ ಬಂದಾಗಲೆಲ್ಲ ಊರಲ್ಲಿ ಒಂದು ಮಾತು ಕೇಳಿಬರುತ್ತದೆ: ‘ಇನ್ನು ನಮ್ಮ ಹುಡುಗರೂ ಪ್ಯಾಟೆ ಹುಡುಗರ ಸಮ ಆಗ್ತಾರೆ.’ ಈ ಆಸೆಗೆ ಈಗ ಸುಮಾರು 50 ವರ್ಷ. ಇಷ್ಟು ವರ್ಷಗಳಲ್ಲಿ ನಮ್ಮ ಶಾಲೆಗಳಿಗೆ ಏನೇನು ಬಂತು, ಅದರಲ್ಲಿ ಏನು ಉಳಿಯಿತು? ಒಮ್ಮೆ ಲೆಕ್ಕ ಹಾಕೋಣ.

ಮೊದಲು ಬಂದದ್ದು ಟಿವಿ. 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗ ಶುರುವಾಯಿತು. ಅದು ವಿಜ್ಞಾನಿ ವಿಕ್ರಂ ಸಾರಾಭಾಯಿ ಕಂಡಿದ್ದ ಕನಸು. ಅದನ್ನು ನೋಡಲು ಅವರು ಇರಲಿಲ್ಲ, 1971ರಲ್ಲೇ ತೀರಿಕೊಂಡಿದ್ದರು. ಅಮೆರಿಕದ ನಾಸಾ ಸಂಸ್ಥೆ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಎರವಲು ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಮೊದಲೇ ನಮ್ಮ ಹಳ್ಳಿಗಳು ಟಿವಿ ನೋಡಿದ್ದವು!

ತಂತಿ ಜಾಲರಿಯ ದೊಡ್ಡ ಛತ್ರಿಯಂಥ ಆಂಟೆನಾ ಸೀದಾ ಆಕಾಶದಿಂದಲೇ ಚಿತ್ರ ಹಿಡಿಯುತ್ತಿತ್ತು. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಕಾರ್ಯಕ್ರಮ. ಕನ್ನಡ, ತೆಲುಗು ಕಾರ್ಯಕ್ರಮಗಳ ನಿರ್ಮಾಣ ಕೇಂದ್ರ ಇದ್ದದ್ದು ಹೈದರಾಬಾದಿನಲ್ಲಿ. ಪ್ರಾಥಮಿಕ ಶಾಲೆ ಶಿಕ್ಷಕರಿಗೂ ಟಿವಿಯಲ್ಲೇ ವಿಜ್ಞಾನ ತರಬೇತಿ ಕೊಟ್ಟರು.

1976ರ ಜುಲೈ 31ಕ್ಕೆ ಅವಧಿ ಮುಗಿಯಿತು, ಉಪಗ್ರಹದ ಪ್ರಸಾರ ನಿಂತಿತು. 1977ರಲ್ಲಿ ಗುಲ್ಬರ್ಗಾದಲ್ಲಿ ಟಿವಿ ಕೇಂದ್ರ ಬಂತು ನಿಜ, ಆದರೆ ಅದರ ಪ್ರಸಾರ ಮುಟ್ಟಿದ್ದು ಸುತ್ತಮುತ್ತಲ ಊರುಗಳಿಗಷ್ಟೇ. ಪಾಠ ಮಾಡುತ್ತಿದ್ದವರು ಎಲ್ಲೋ ದೂರದಲ್ಲಿ, ನಿಲ್ಲಿಸಿದವರೂ ದೂರದಲ್ಲಿ. ಶಾಲೆಯ ಕೈಯಲ್ಲಿ ಇದ್ದದ್ದು ಸ್ವಿಚ್ ಮಾತ್ರ.

ಎರಡನೆಯದು ಕಂಪ್ಯೂಟರ್. 2000ದ ನಂತರ ರಾಜ್ಯ ಸರ್ಕಾರ ‘ಮಾಹಿತಿ ಸಿಂಧು’ ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತು. ನಡೆಸುವ ಗುತ್ತಿಗೆ ಖಾಸಗಿ ಕಂಪನಿಗಳಿಗೆ. ಕಂಪನಿಯ ಬೋಧಕರು ಬಂದು ಕಂಪ್ಯೂಟರ್ ಹೇಳಿಕೊಡುತ್ತಿದ್ದರು. ಗಣಿತದ ಮೇಷ್ಟ್ರಿಗೂ ಆ ಕೋಣೆಗೂ ಹೆಚ್ಚಿನ ಸಂಬಂಧ ಇರಲಿಲ್ಲ. ಗುತ್ತಿಗೆ ಮುಗಿದ ಮೇಲೆ ಬೋಧಕರು ಹೋದರು. ಕಲಿತ ವಿದ್ಯೆ ಶಾಲೆಯ ಶಿಕ್ಷಕರ ಕೈಗೆ ಬಂದಿರಲಿಲ್ಲ.

ಮೂರನೆಯದು ಮತ್ತೆ ಉಪಗ್ರಹ. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕಾಗಿಯೇ ‘ಎಜುಸ್ಯಾಟ್’ ಹಾರಿಸಿತು. ನಮ್ಮಲ್ಲಿ ಮೊದಲು ಆಯ್ಕೆಯಾದದ್ದು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು. ಪಾಠ ಚೆನ್ನಾಗಿದ್ದರೂ ಮಗು ಎದ್ದು ನಿಂತು ‘ಸಾರ್, ತಿಳೀಲಿಲ್ಲ’ ಅಂದರೆ ಆ ಕಡೆ ಕೇಳಿಸುತ್ತಿರಲಿಲ್ಲ. 2010ರಲ್ಲಿ ಆ ಉಪಗ್ರಹದ ಆಯಸ್ಸೂ ಮುಗಿಯಿತು.

ಹೀಗೆ ಮೂರು ಸಲ ಬಂದದ್ದೂ ಮೇಲಿಂದಲೇ. ನಾಲ್ಕನೆಯ ಸಲ ದಾರಿ ಬದಲಾಯಿತು.

2010–11ರ ಸುಮಾರಿಗೆ ಸರ್ಕಾರಿ ಪ್ರೌಢಶಾಲೆ ಶಿಕ್ಷಕರಿಗಾಗಿ ‘ವಿಷಯ ಶಿಕ್ಷಕರ ವೇದಿಕೆ’ ಶುರುವಾಯಿತು. ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ, ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಮಾಡಿದ ಕೆಲಸ ಅದು. ಇಲ್ಲಿ ಕಂಪ್ಯೂಟರ್ ಮುಂದೆ ಕೂತವರು ವಿಷಯ ಶಿಕ್ಷಕರೇ. ಗಣಿತದವರು ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶ ಕಲಿತರು. ಅದರಲ್ಲಿ ತ್ರಿಭುಜದ ಮೂಲೆ ಹಿಡಿದು ಹೇಗೆ ಎಳೆದರೂ ಮೂರು ಕೋನಗಳ ಮೊತ್ತ 180 ಡಿಗ್ರಿಯೇ ಇರುವುದನ್ನು ಮಗು ಕಣ್ಣಾರೆ ನೋಡುತ್ತದೆ. ಒಂದು ಜಿಲ್ಲೆಯ ಶಿಕ್ಷಕರು ಇಮೇಲ್ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಇನ್ನೊಂದು ಜಿಲ್ಲೆಯವರು ಉತ್ತರಿಸಬಹುದಿತ್ತು.

ಇದರ ಮುಂದಿನ ಹೆಜ್ಜೆ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಜಾಲತಾಣ. ಅದು ವಿಕಿಪೀಡಿಯ ಇದ್ದ ಹಾಗೆ, ಹಲವರು ಸೇರಿ ಬರೆಯುವ ನೋಟ್‌ಬುಕ್. ಒಬ್ಬರು ಪಾಠ ಬರೆದರೆ ಇನ್ನೊಬ್ಬರು ತಿದ್ದಬಹುದು. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ದಾಖಲಾಗುತ್ತದೆ. ಮಣ್ಣಿನ ಪಾಠಕ್ಕೆ ಸಿಂಧನೂರಿನ ಶಿಕ್ಷಕರು ತಮ್ಮ ಕಡೆಯ ಎರೆಹೊಲದ ಫೋಟೊ ಸೇರಿಸಬಹುದು, ಕೋಲಾರದವರು ಕೆಂಪು ಮಣ್ಣಿನದು ಹಾಕಬಹುದು. ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬರುವ ಪಾಠದಲ್ಲಿ ಇದಕ್ಕೆ ಜಾಗ ಎಲ್ಲಿತ್ತು?

ಇದರಲ್ಲೂ ಕಷ್ಟಗಳಿವೆ. ಕರೆಂಟು ಬೇಕು, ನೆಟ್ ಬೇಕು. ಓದುವವರು ಹೆಚ್ಚು, ಬರೆಯುವವರು ಕಡಿಮೆ. ಆಸಕ್ತಿ ಇದ್ದ ಶಿಕ್ಷಕರು ವರ್ಗವಾಗಿ ಹೋದರೆ ಕಂಪ್ಯೂಟರ್ ಕೋಣೆಗೆ ಬೀಗ ಬೀಳಬಹುದು.

2020ರ ಕೊರೊನಾ ಕಾಲದಲ್ಲಿ ಇದೆಲ್ಲ ಬಯಲಿಗೆ ಬಂತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಬಂತು, ಮತ್ತೆ ಮೇಲಿಂದ. ಅದೇ ವರ್ಷದ ‘ವಿದ್ಯಾಗಮ’ದಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಬೇಕಾಯಿತು: ಸ್ಮಾರ್ಟ್‌ಫೋನ್ ಇದ್ದವರು, ಬರೀ ಸಾದಾ ಫೋನ್ ಇದ್ದವರು, ಯಾವ ಫೋನೂ ಇಲ್ಲದವರು. ಮೂರನೇ ಗುಂಪಿನ ಮಗುವನ್ನು ಮುಟ್ಟಿದ್ದು ಯಂತ್ರವಲ್ಲ. ಗುಡಿ ಕಟ್ಟೆ, ಮರದ ನೆರಳಿಗೆ ಬಂದು ಕೂತು ಪಾಠ ಹೇಳಿದ ಮೇಷ್ಟ್ರು, ಟೀಚರಮ್ಮ.

ಈಗ ಸ್ಮಾರ್ಟ್ ಬೋರ್ಡ್ ಬರುತ್ತಿವೆ. ನಾಳೆ ಇನ್ನೇನೋ ಬರುತ್ತದೆ, ಬರಲಿ. ನಿಮ್ಮ ಊರಿನ ಶಾಲೆಗೆ ಬಂದಾಗ ಎಸ್‌ಡಿಎಂಸಿ ಸಭೆಯಲ್ಲಿ ಬೆಲೆ ಎಷ್ಟು ಅಂತ ಕೇಳುವ ಜೊತೆಗೆ ಇನ್ನು ಮೂರು ಪ್ರಶ್ನೆ ಕೇಳಿ. ಇದನ್ನು ನಮ್ಮ ಶಿಕ್ಷಕರೇ ನಡೆಸಬಲ್ಲರಾ? ಮಕ್ಕಳು ಇದರಲ್ಲಿ ಏನಾದರೂ ಬರೆಯಬಹುದಾ, ಬರೀ ನೋಡಬೇಕಾ? ಕೊಟ್ಟವರು ಹೋದ ಮೇಲೆ ಕೀಲಿ ಯಾರ ಹತ್ತಿರ ಇರುತ್ತದೆ?

ಉಪಗ್ರಹ ಎರವಲು ತರಬಹುದು, ಬೋಧಕರನ್ನು ಗುತ್ತಿಗೆ ಮೇಲೆ ತರಬಹುದು. ಶಾಲೆಯಲ್ಲಿ ಉಳಿಯುವುದು ಅಲ್ಲಿನವರು ಕಲಿತದ್ದು ಮಾತ್ರ.